ಗೂಡಿನ ಮೂಲೆಯ ಕೋಳಿಯೂ ಅಮಾನತ್ತೇ

ಬೆಳಿಗ್ಗೆ ಗೂಡಿನ ಬಾಗಿಲು ತೆರೆದಾಗ ಕೋಳಿಗಳೆಲ್ಲ ಅಂಗಳಕ್ಕೆ ಓಡಿದವು. ಒಂದು ಮಾತ್ರ ಗರಿ ಕೆದರಿಕೊಂಡು ಮೂಲೆಯಲ್ಲಿ ಕುಳಿತಿತ್ತು. ಅದರ ಕತ್ತಿನ ಬುಡದಲ್ಲಿರುವ ಆಹಾರ ಚೀಲವು ಊದಿ ಕಲ್ಲಿನಂತಾಗಿತ್ತು. ‘ಸಾಯುವ ಮುಂಚೆ ಕೊಯ್ದುಬಿಡಿ’ ಎಂದರು ನೆರೆಯವರೊಬ್ಬರು. ‘ಸಂತೆಗೆ ಒಯ್ಯಿರಿ, ಯಾರಿಗೆ ತಿಳಿಯುತ್ತದೆ?’ ಎಂದರು ಮತ್ತೊಬ್ಬರು.

ಎರಡನೆಯ ಸಲಹೆಯನ್ನು ಒಪ್ಪಲು ಸಾಧ್ಯವೇ ಇಲ್ಲ. ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯಲ್ಲಿ ಮುಚ್ಚಿಟ್ಟ ತೇವವನ್ನು ಕಂಡು ವ್ಯಾಪಾರಿಯನ್ನು ಎಚ್ಚರಿಸಿದ ಪ್ರವಾದಿಯವರ(ಸ) ಅನುಯಾಯಿಗಳು ನಾವು. ಕಾಯಿಲೆಯನ್ನು ಮರೆಮಾಚಿ ಕೋಳಿಯನ್ನು ಮಾರುವುದು ಅದೇ ವಂಚನೆಯಲ್ಲವೇ? ಇನ್ನು ಮೊದಲನೆಯ ಸಲಹೆ. ಜೀವವಿರುವಾಗ ಕೊಯ್ದರೆ ಮಾಂಸ ಹಲಾಲ್ ಆಗಬಹುದು, ನಿಜ. ಆದರೆ ಕುರ್‌ಆನ್ ಹಲಾಲ್ ಎಂಬುದರ ಜೊತೆಗೇ ‘ತಯ್ಯಿಬ್’, ಅಂದರೆ ಶುದ್ಧವಾದುದು ಎಂದೂ ಹೇಳುತ್ತದೆ. ರೋಗವೇನೆಂದು ಅರಿಯದೆ ಅದನ್ನು ಮಕ್ಕಳ ತಟ್ಟೆಗೆ ಬಡಿಸುವುದು ವಿವೇಕವಲ್ಲ. ಆದ್ದರಿಂದ ಮೊದಲು ಆರೈಕೆ, ಆಮೇಲೆ ತೀರ್ಮಾನ ಎಂಬುದೇ ನಮ್ಮ ಅಭಿಪ್ರಾಯ.

ಆರೈಕೆ ಕಷ್ಟವೇನಲ್ಲ. ಕೋಳಿಯ ಆಹಾರ ಚೀಲವು ಸಂಜೆ ತುಂಬಿರುವುದು, ಬೆಳಗಾಗುವಾಗ ಬರಿದಾಗುವುದು ಸಹಜ. ಆದುದರಿಂದ ಮೇವು ಹಾಕುವ ಮೊದಲು, ಮುಂಜಾನೆಯೇ ಮುಟ್ಟಿ ನೋಡಬೇಕು. ಗಟ್ಟಿಯಾಗಿದ್ದರೆ ಉದ್ದನೆಯ ಹುಲ್ಲೋ ನಾರೋ ಸಿಕ್ಕಿಕೊಂಡಿರಬಹುದು. ಮೆತ್ತಗೆ ನೀರು ತುಂಬಿದಂತಿದ್ದು ಬಾಯಿಂದ ಹುಳಿ ವಾಸನೆ ಬಂದರೆ, ಒಳಗೆ ಶಿಲೀಂಧ್ರ ಬೆಳೆದಿರುವ ಸಂಭವವುಂಟು. ಎರಡರಲ್ಲೂ ಕೋಳಿಯನ್ನು ಬೇರೆಯಿರಿಸಿ, ಕಾಳು ನಿಲ್ಲಿಸಿ, ಶುದ್ಧ ನೀರನ್ನು ಮುಂದಿಡಬೇಕು. ಗಟ್ಟಿಯಾದ ಚೀಲವನ್ನು ಬೆರಳಿನಿಂದ ಮೃದುವಾಗಿ ನೀವಬಹುದು. ಆದರೆ ಎಣ್ಣೆಯನ್ನು ಬಲವಂತವಾಗಿ ಸುರಿಯಬಾರದು. ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುವುದರಿಂದ ಅದು ಶ್ವಾಸಕೋಶಕ್ಕಿಳಿಯಬಹುದು. ತಲೆಕೆಳಗೆ ಮಾಡಿ ವಾಂತಿ ಮಾಡಿಸುವ ರೂಢಿಯೂ ಇದೇ ಕಾರಣಕ್ಕೆ ಅಪಾಯಕರ. ಮರುದಿನವೂ ಚೀಲ ಇಳಿಯದಿದ್ದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಸಿರು ಭೇದಿ, ಕತ್ತು ತಿರುಚುವಿಕೆ ಕಂಡರೆ, ಅಥವಾ ಹಲವು ಕೋಳಿಗಳು ಒಟ್ಟಿಗೆ ಮಂಕಾದರೆ ತಡಮಾಡಲೇಬಾರದು. ಅದು ರಾಣಿಖೇತ್ ರೋಗವೂ ಆಗಿರಬಹುದು.

ನಮ್ಮ ಕೋಳಿಯ ಚೀಲವು ನೀವಿದರೂ ಇಳಿಯಲಿಲ್ಲ. ಪಶುವೈದ್ಯರು ಅದನ್ನು ಸೀಳಿ, ಹುಲ್ಲಿನ ಉಂಡೆಯೊಂದಿಗೆ ಗೇಣುದ್ದದ ಪ್ಲಾಸ್ಟಿಕ್ ನೂಲನ್ನು ಹೊರತೆಗೆದರು. ಆ ನೂಲು ನಮಗೆ ಪರಿಚಿತವೇ. ಅಕ್ಕಿಯ ಚೀಲದ ಬಾಯಿ ಬಿಚ್ಚಿ ಅಂಗಳಕ್ಕೆ ಎಸೆದವರು ನಾವೇ! ಕೋಳಿಗೆ ಬಂದದ್ದು ರೋಗವಲ್ಲ, ನಮ್ಮ ಅಲಕ್ಷ್ಯ. ಬೆಕ್ಕನ್ನು ಕಟ್ಟಿಹಾಕಿ, ಉಣಿಸದೆ ಕೊಂದು ನರಕಕ್ಕೆ ಗುರಿಯಾದ ಸ್ತ್ರೀಯ ಹದೀಸನ್ನು ತರಗತಿಯಲ್ಲಿ ಎಷ್ಟು ಬಾರಿ ವಿವರಿಸಿದ್ದೇವೋ ಲೆಕ್ಕವಿಲ್ಲ. ಅಂದು ಆ ಮೇಜಿನ ಮುಂದೆ ನಿಂತಾಗ ಅದು ನಮ್ಮನ್ನೇ ಕುರಿತು ಹೇಳಿದಂತೆ ಕೇಳಿಸಿತು.

ಎಲ್ಲ ಕೋಳಿಗಳೂ ಉಳಿಯುವುದಿಲ್ಲ. ಗುಣವಾಗದೆಂದು ವೈದ್ಯರು ಹೇಳಿದ ಮೇಲೆ ಅದನ್ನು ದಿನಗಟ್ಟಲೆ ನರಳಲು ಬಿಡುವುದು ದಯೆಯಲ್ಲ. ಚೂರಿಯನ್ನು ಹರಿತಗೊಳಿಸಿ ನೋವನ್ನು ಕಿರಿದುಗೊಳಿಸಬೇಕೆಂದು ಕಲಿಸಿದ ಧರ್ಮ ನಮ್ಮದು. ಆದರೆ ಆ ಚೂರಿಯು ಆರೈಕೆಯ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯವಾಗಬಾರದು.

ಮೊಟ್ಟೆಯನ್ನು ಎಣಿಸಿ ತೆಗೆದುಕೊಳ್ಳುವ ನಾವು, ಕೋಳಿಯ ಕೊರಳನ್ನು ಒಮ್ಮೆ ಮುಟ್ಟಿ ನೋಡಲಾರೆವೇ? ಇಂದು ಸಂಜೆ ಅಂಗಳವನ್ನೊಮ್ಮೆ ಸುತ್ತಿ, ಬಿದ್ದಿರುವ ನೂಲು, ಪ್ಲಾಸ್ಟಿಕ್ಕುಗಳನ್ನು ಹೆಕ್ಕೋಣ. ನಮಗೊಪ್ಪಿಸಿದ ಮೂಕ ಜೀವಗಳ ಹಕ್ಕನ್ನು ಪಾಲಿಸುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.