ಹೆದ್ದಾರಿಯೂ ನಿತ್ಯ ಪ್ರಯಾಣಿಕರೂ

ಬೆಂಗಳೂರಿನ ಹೆದ್ದಾರಿಯು ಮೈಸೂರಿನ ವರ್ತುಲ ರಸ್ತೆಯನ್ನು ಸಂಧಿಸುವ ಮಣಿಪಾಲ್ ಆಸ್ಪತ್ರೆಯ ವೃತ್ತದಲ್ಲಿ ಯಾವುದಾದರೊಂದು ಕೆಲಸದ ದಿನ ಬೆಳಿಗ್ಗೆ ಅರ್ಧ ಘಂಟೆಯ ಕಾಲ ನಿಂತು ನೋಡಿದ ವಾಚಕರಿಗೆ, ನಾವು ಹೇಳಹೊರಟಿರುವ ವಿಷಯಕ್ಕೆ ಪೀಠಿಕೆ ಬೇಕಾಗುವುದಿಲ್ಲ. ಆರು ಪಥಗಳ ರಾಜಮಾರ್ಗದಲ್ಲಿ ನೂರು ಕಿಲೋಮೀಟರಿಗೂ ಮಿಕ್ಕ ದೂರವನ್ನು ಸರಾಗವಾಗಿ ದಾಟಿ ಬಂದ ಮೋಟಾರುಗಳು ಅಲ್ಲಿಗೆ ಬಂದೊಡನೆ ಒಂದರ ಬೆನ್ನಿಗೊಂದು ನಿಂತುಬಿಡುತ್ತವೆ. ವರ್ತುಲ ರಸ್ತೆಯ ಲಾರಿಗಳು ಅಡ್ಡಹಾಯಬೇಕು. ಊರೊಳಗಿನ ವಾಹನಗಳು ಹೊರಬರಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯಗಳಿಂದ ಕೆಲಸಕ್ಕೆ ಬರುವ ಜನರಿಂದ ತುಂಬಿ ತುಳುಕುವ ಬಸ್ಸುಗಳೂ ಅದೇ ಸಾಲಿನಲ್ಲಿ ತಮ್ಮ ಸರದಿಯನ್ನು ಕಾಯಬೇಕು. ದಾರಿಯಲ್ಲಿ ಉಳಿಸಿದ ಹೊತ್ತನ್ನು ಊರ ಬಾಗಿಲಿನಲ್ಲಿ ತೆತ್ತು ಒಳಗೆ ಬರುವಂತಾಗಿದೆ. ಬೆಂಗಳೂರಿನ ತುದಿಯಲ್ಲಿ, ಕುಂಬಳಗೋಡು ಕೆಂಗೇರಿಗಳ ಬಳಿ, ಇದೇ ನಾಟಕದ ದೊಡ್ಡ ಅಂಕವು ನಡೆಯುತ್ತದೆ.

ಹೆದ್ದಾರಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಮಂತ್ರಿಗಳು ಲೋಕಾರ್ಪಣೆ ಮಾಡಿದ ಈ 118 ಕಿಲೋಮೀಟರುಗಳ ಮಾರ್ಗಕ್ಕೆ ಸುಮಾರು 8,480 ಕೋಟಿ ರೂಪಾಯಿಗಳ ವೆಚ್ಚವಾಯಿತು. ಮೂರು ಘಂಟೆಗಳ ಪ್ರಯಾಣವು ಸುಮಾರು ಎಪ್ಪತ್ತೈದು ನಿಮಿಷಗಳಿಗೆ ಇಳಿಯುವುದೆಂದು ಸರ್ಕಾರದವರು ಆಗ ಸಾರಿದರು. ಚನ್ನಪಟ್ಟಣದ ಪೇಟೆಯಲ್ಲಿಯೂ ಮಂಡ್ಯದ ನಡುಬೀದಿಯಲ್ಲಿಯೂ ಹಿಂದೆ ಸಿಕ್ಕಿಬಿದ್ದು ಒದ್ದಾಡಿದವರು ಈ ಸೌಕರ್ಯವನ್ನು ಅಲ್ಲಗಳೆಯಲಾರರು. ಬಿಡದಿಯಿಂದ ಶ್ರೀರಂಗಪಟ್ಟಣದವರೆಗಿನ ಊರುಗಳನ್ನು ಬಳಸಿ ಹೋಗುವಂತೆ ಬೈಪಾಸುಗಳನ್ನು ನಿರ್ಮಿಸಿದುದರಿಂದ ಆ ಊರುಗಳ ಬೀದಿಗಳಿಗೂ ಉಸಿರಾಟ ಬಂದಿದೆ. ಅದರ ಜೊತೆಗೆ ಚನ್ನಪಟ್ಟಣದ ಬೊಂಬೆಯಂಗಡಿಗಳವರ ವ್ಯಾಪಾರವೂ ಹಳೆಯ ರಸ್ತೆಯ ಬದಿಯ ಹೋಟೆಲುಗಳವರ ವ್ಯಾಪಾರವೂ ಕುಗ್ಗಿತು. ಮದ್ದೂರು ವಡೆಯನ್ನು ಬಯಸುವವರು ಈಗ ಹೆದ್ದಾರಿಯಿಂದ ಇಳಿದು ಅದಕ್ಕಾಗಿಯೇ ಊರೊಳಕ್ಕೆ ಹೋಗಬೇಕು. ಈ ನಷ್ಟವನ್ನು ಕಟ್ಟಿಕೊಡುವವರು ಯಾರೂ ಇಲ್ಲ. ಆದರೆ ನಾವು ಇಂದು ಎತ್ತಿಕೊಂಡಿರುವುದು ಬೇರೆ ಪ್ರಶ್ನೆ.

ಈ ಮಾರ್ಗವನ್ನು ಯೋಜಿಸಿದವರ ಕಣ್ಣ ಮುಂದೆ ಇದ್ದ ಪ್ರಯಾಣಿಕನು ಯಾರು? ಒಂದು ತುದಿಯಲ್ಲಿ ಕಾರನ್ನೇರಿ ಇನ್ನೊಂದು ತುದಿಯಲ್ಲಿ ಇಳಿಯುವವನು. ಅವನಿಗೆ ನಡುವಣ ಊರುಗಳು ಫಲಕಗಳ ಮೇಲಿನ ಹೆಸರುಗಳು ಮಾತ್ರ. ಇನ್ನೊಬ್ಬ ಪ್ರಯಾಣಿಕನಿದ್ದಾನೆ. ಅವನು ಮಂಡ್ಯದಲ್ಲಿ ಮನೆಯಿಟ್ಟುಕೊಂಡು ಹೆಬ್ಬಾಳದ ಕಾರ್ಖಾನೆಗೆ ಹೋಗುವವನು. ಶ್ರೀರಂಗಪಟ್ಟಣದಿಂದ ಮೈಸೂರಿನ ಕಾಲೇಜಿಗೆ ಬರುವವನು. ಮೈಸೂರಿನಲ್ಲಿ ತಂದೆತಾಯಿಗಳನ್ನು ಬಿಟ್ಟು ಹೊರಡಲಾರದೆ ನಿತ್ಯವೂ ಬೆಂಗಳೂರಿನ ಆಫೀಸಿಗೆ ಹೋಗಿ ಬರುವ ಗುಮಾಸ್ತೆ. ಖಾಸಗಿ ಶಾಲೆಯೊಂದರಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಉಪಾಧ್ಯಾಯಿನಿ. ವರ್ಷದಲ್ಲಿ ನಾಲ್ಕು ಬಾರಿ ದಸರೆಗೋ ಮದುವೆಗೋ ಬರುವವನಿಗಿಂತ, ವಾರಕ್ಕೆ ಆರು ದಿನ ಅದೇ ದಾರಿಯನ್ನು ಸವೆಸುವ ಇವರ ಹಕ್ಕು ದೊಡ್ಡದೆಂದು ನಾವು ಭಾವಿಸುತ್ತೇವೆ.

ಇವರಲ್ಲಿ ಬಹುಮಂದಿಗೆ ಕಾರು ಇಲ್ಲ, ದ್ವಿಚಕ್ರ ವಾಹನವಿದೆ. ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲಿ ಸಂಭವಿಸಿದ ಅಪಘಾತಗಳನ್ನೂ ಸಾವುಗಳನ್ನೂ ಕಂಡು, 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲ್, ಆಟೋರಿಕ್ಷಾ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥಗಳಿಂದ ನಿಷೇಧಿಸಲಾಯಿತು. ಘಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಕಾರುಗಳು ಓಡುವ ಕಡೆ ಎರಡು ಚಕ್ರದ ಬಡವನು ಇರಬಾರದೆಂಬುದು ಸರಿಯಾದ ಮಾತು; ಆ ಆಜ್ಞೆಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಒಂದು ಬಾಗಿಲನ್ನು ಮುಚ್ಚಿದವರು ಇನ್ನೊಂದನ್ನು ತೆರೆದಿಡುವ ಹೊಣೆಯನ್ನು ಹೊರಬೇಕು. ಹಾಗೆ ತೆರೆದಿಟ್ಟಿರುವ ಸರ್ವಿಸ್ ರಸ್ತೆಯ ಸ್ಥಿತಿಯೇನು? ಕೆಲವು ಕಡೆ ಅದು ಅಖಂಡವಾಗಿ ಸಾಗುವುದಿಲ್ಲ. ರೈಲು ಮಾರ್ಗವೋ ಹೊಳೆಯೋ ಅಡ್ಡಬಂದಲ್ಲಿ ಕೈಚೆಲ್ಲಿ ನಿಲ್ಲುತ್ತದೆ, ಸವಾರನು ಹಳ್ಳಿಯ ದಾರಿಗಳಲ್ಲಿ ಸುತ್ತಿ ಬರಬೇಕು. ಮಳೆ ಬಂದರೆ ಕೆಳಸೇತುವೆಗಳಲ್ಲಿ ನೀರು. 2022ರ ಆಗಸ್ಟಿನ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾದುದನ್ನು ನಾಡೆಲ್ಲ ನೋಡಿತು. ಲೋಕಾರ್ಪಣೆಯಾದ ಕೆಲವೇ ದಿನಗಳಲ್ಲಿ ಒಂದು ಅಕಾಲದ ಮಳೆಗೆ ಮತ್ತೆ ಅದೇ ದೃಶ್ಯ. ಮುಖ್ಯ ಮಾರ್ಗಕ್ಕೆ ಆದ ಗತಿ ಇದಾದರೆ ಪಕ್ಕದ ದಾರಿಯ ಗತಿಯನ್ನು ವಿವರಿಸುವ ಅಗತ್ಯವಿಲ್ಲ.

ಕಾರಿನವರಿಗಾದರೂ ನೆಮ್ಮದಿಯೆ? ಕೇಂದ್ರ ಸರ್ಕಾರದವರು 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಮೂರು ಸಾವಿರ ರೂಪಾಯಿಗೆ ಒಂದು ವಾರ್ಷಿಕ ಪಾಸನ್ನು ದಯಪಾಲಿಸಿದರು. ಅದು ಒಂದು ವರ್ಷ ಅಥವಾ ಇನ್ನೂರು ಸುಂಕದ ಕಟ್ಟೆಗಳು, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ನಿತ್ಯ ಹೋಗಿಬರುವವನು ಗಣಂಗೂರಿನ ಕಟ್ಟೆಯನ್ನೂ ಬಿಡದಿಯ ಕಡೆಯ ಕಟ್ಟೆಯನ್ನೂ ದಿನಕ್ಕೆ ಎರಡೆರಡು ಬಾರಿ ದಾಟಬೇಕು. ಐವತ್ತು ದಿನಗಳಲ್ಲಿ ಅವನ ‘ವರ್ಷ’ವು ಮುಗಿಯುತ್ತದೆ! ಅಪರೂಪಕ್ಕೆ ಓಡಾಡುವವನಿಗೆ ಪಾಸು ವರ್ಷವಿಡೀ ಬರುತ್ತದೆ. ದಿನವೂ ಓಡಾಡುವವನಿಗೆ ಎರಡು ತಿಂಗಳು ಬರುವುದಿಲ್ಲ.

ಇನ್ನು ದಟ್ಟಣೆಗೆ ಪರಿಹಾರವೇನೆಂದರೆ, ನಮ್ಮ ಇಂಜನಿಯರುಗಳ ಉತ್ತರ ಸಿದ್ಧವಾಗಿದೆ: ವೃತ್ತಕ್ಕೊಂದು ಮೇಲ್ಸೇತುವೆ. ಮಣಿಪಾಲ್ ವೃತ್ತಕ್ಕೂ ಅದರ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿ ಹಾರಿ ದಾಟಿದ ವಾಹನಗಳು ಇಳಿಯುವುದೆಲ್ಲಿ? ಬೆಂಗಳೂರು–ನೀಲಗಿರಿ ರಸ್ತೆಯ ಮೇಲೆ. ಅಂದರೆ ಬನ್ನಿಮಂಟಪದ ಕಡೆಯಿಂದ ಬಸ್ ನಿಲ್ದಾಣದ ಮುಂದಕ್ಕೆ ಬಂದು ಅರಮನೆಯ ಬಳಿ ಹಾಯುವ ಹಳೆಯ ಬೀದಿಯ ಮೇಲೆ. ಕೊಡದ ಹೊಟ್ಟೆಯನ್ನು ಎಷ್ಟು ಹಿಗ್ಗಿಸಿದರೂ ನೀರು ಬೀಳುವುದು ಕಂಠದ ಅಳತೆಯಲ್ಲಿಯೇ. ಒಂದು ಪಥದಲ್ಲಿ ಘಂಟೆಗೆ ಹೆಚ್ಚೆಂದರೆ ಎರಡು ಸಾವಿರ ಕಾರುಗಳು ಹಾಯಬಲ್ಲವೆಂಬುದು ರಸ್ತೆ ಶಾಸ್ತ್ರದ ಸಾಮಾನ್ಯ ಲೆಕ್ಕ. ಕಾರೊಂದಕ್ಕೆ ಒಬ್ಬನೋ ಇಬ್ಬರೋ. ಹದಿನಾರು ಡಬ್ಬಿಗಳ ಒಂದೇ ಒಂದು ರೈಲು ಸಾವಿರದೈನೂರು ಜನರನ್ನು ಒಮ್ಮೆಗೇ ಹೊತ್ತು ತರುತ್ತದೆ. ಅವರಲ್ಲಿ ಒಬ್ಬನೂ ತನ್ನ ವಾಹನವನ್ನು ನಿಲ್ಲಿಸಲು ದೇವರಾಜ ಅರಸು ರಸ್ತೆಯಲ್ಲಿ ಜಾಗವನ್ನು ಹುಡುಕುವುದಿಲ್ಲ.

ಆ ರೈಲು ನಮಗೆ ಹೊಸತಲ್ಲ. 1876–78ರ ಡಾವರದ ಕಾಲದಲ್ಲಿ, ಹೊಟ್ಟೆಗಿಲ್ಲದ ರೈತರಿಗೆ ಕೂಲಿಯಾಗಲೆಂದು ಕ್ಷಾಮಪರಿಹಾರದ ಕಾಮಗಾರಿಯಾಗಿ ಆರಂಭಿಸಿದ ಮಾರ್ಗ ಅದು. 1882ರಲ್ಲಿ ಮೈಸೂರನ್ನು ಮುಟ್ಟಿತು. ಹಸಿದವರು ಹೊತ್ತ ಮಣ್ಣಿನ ಮೇಲೆ ಹಾಸಿದ ಆ ಸಣ್ಣಳತೆಯ ಹಳಿಯು ಮುಂದೆ ಬ್ರಾಡ್‌ಗೇಜಾಯಿತು, ಜೋಡಿಮಾರ್ಗವಾಯಿತು, ವಿದ್ಯುತ್ತಿನ ತಂತಿಯನ್ನೂ ಪಡೆಯಿತು. ಎರಡನೆಯ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರವು ಅಡ್ಡಬಂದಾಗ, 2017ರಲ್ಲಿ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ಇಷ್ಟು ಸಾಹಸವನ್ನು ಮಾಡಿ ಪಡೆದ ಜೋಡಿಮಾರ್ಗದಲ್ಲಿ ನಿತ್ಯ ಪ್ರಯಾಣಿಕರಿಗೆ ದೊರೆತ ಪಾಲು ಎಷ್ಟು?

ಚಾಮುಂಡಿ ಎಕ್ಸ್‌ಪ್ರೆಸ್ ಇದೆ. ಬೆಳಗಾದೊಡನೆ ಮೈಸೂರನ್ನು ಬಿಡುವ ಆ ಗಾಡಿಯು ಎಷ್ಟೋ ಸಂಸಾರಗಳ ಗಡಿಯಾರವಾಗಿದೆ. ಅದರ ಡಬ್ಬಿಗಳಲ್ಲಿ ತರಕಾರಿ ಬಿಡಿಸುವುದರಿಂದ ಹಿಡಿದು ಮಕ್ಕಳ ಮದುವೆಯ ಮಾತುಕತೆಯವರೆಗೆ ಎಲ್ಲವೂ ನಡೆಯುತ್ತದೆಂದು ಬಲ್ಲವರು ಹೇಳುತ್ತಾರೆ. ಮೆಮು ಗಾಡಿಗಳೂ ಇವೆ. ತಿಂಗಳ ಸೀಸನ್ ಟಿಕೆಟ್ಟನ್ನು 150 ಕಿಲೋಮೀಟರುಗಳವರೆಗೆ ಕೊಡುವುದು ರೈಲ್ವೆಯ ನಿಯಮ. ಮೈಸೂರಿಗೂ ಬೆಂಗಳೂರಿಗೂ ಇರುವ ರೈಲುದಾರಿಯು 138 ಕಿಲೋಮೀಟರು. ದೇವರೇ ಅಳೆದು ಇಟ್ಟಂತೆ ನಮ್ಮ ಊರು ಆ ಮೇರೆಯೊಳಗೆ ಬಿದ್ದಿದೆ. ಆದರೆ ಟಿಕೆಟ್ಟು ಇದ್ದರೆ ಸಾಲದು, ಹತ್ತಲು ಗಾಡಿ ಬೇಕು, ಗಾಡಿಯೊಳಗೆ ನಿಲ್ಲಲಾದರೂ ಸ್ಥಳ ಬೇಕು. 2022ರ ನವೆಂಬರಿನಲ್ಲಿ ಬಂದ ವಂದೇ ಭಾರತ್ ಗಾಡಿಯ ಹೊಳಪನ್ನು ನಾವೂ ಮೆಚ್ಚುತ್ತೇವೆ; ಸೀಸನ್ ಟಿಕೆಟ್ಟಿನವನಿಗೆ ಅದರಲ್ಲಿ ಪ್ರವೇಶವಿಲ್ಲ. ಅವನು ಅದು ಹಾಯ್ದುಹೋಗುವುದನ್ನು ಪ್ಲಾಟ್‌ಫಾರಮ್ಮಿನಿಂದ ನೋಡಿ ಸಂತೋಷಪಡಬಹುದು.

ಹೆಚ್ಚು ಗಾಡಿಗಳನ್ನು ಕೇಳಿದಾಗಲೆಲ್ಲ ಬೆಂಗಳೂರಿನ ನಿಲ್ದಾಣದಲ್ಲಿ ಪ್ಲಾಟ್‌ಫಾರಮ್ಮಿಲ್ಲವೆಂಬ ಉತ್ತರವನ್ನು ಕೇಳುತ್ತ ಬಂದಿದ್ದೇವೆ. ಈ ಉತ್ತರದಲ್ಲಿ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಮದ್ದೂರಿನಿಂದ ಹೊರಟು ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳಲ್ಲಿ ನಿಂತು ಮೈಸೂರಿಗೆ ಬರುವ ಗಾಡಿಗೆ ಬೆಂಗಳೂರಿನ ಪ್ಲಾಟ್‌ಫಾರಮ್ಮೇಕೆ? ಅತ್ತ ಕೆಂಗೇರಿಗೆ 2021ರ ಆಗಸ್ಟಿನಿಂದಲೇ ಮೆಟ್ರೊ ಬಂದಿದೆ. ಮಂಡ್ಯ, ರಾಮನಗರಗಳ ಗಾಡಿಗಳಲ್ಲಿ ಕೆಲವನ್ನು ಅಲ್ಲಿಯೇ ತಿರುಗಿಸಿದರೆ ಪ್ರಯಾಣಿಕನು ಮೆಟ್ರೊ ಹಿಡಿದು ನಗರದೊಳಕ್ಕೆ ಹೋಗುತ್ತಾನೆ. ಬೆಳಿಗ್ಗೆ ಎರಡು ಘಂಟೆ, ಸಂಜೆ ಎರಡು ಘಂಟೆ, ಅರ್ಧ ಘಂಟೆಗೊಂದರಂತೆ ಇಂತಹ ಸಣ್ಣ ಓಟದ ಗಾಡಿಗಳನ್ನು ನಡೆಸಿ ನೋಡುವಂತೆ ನೈಋತ್ಯ ರೈಲ್ವೆಯ ಅಧಿಕಾರಿಗಳನ್ನು ನಾವು ಒತ್ತಾಯಿಸುತ್ತೇವೆ. ಸಂಕೇತದ ಕಂಬಗಳನ್ನು ಹೆಚ್ಚಿಸಬೇಕಾದರೆ ಹೆಚ್ಚಿಸಲಿ. ಒಂದು ಮೇಲ್ಸೇತುವೆಗೆ ಚೆಲ್ಲುವ ಹಣದ ಮುಂದೆ ಅದು ದುಬಾರಿಯಾಗಲಾರದು.

ನಂಜನಗೂಡಿನ ದಿಕ್ಕಿನಲ್ಲಿ ಪರಿಸ್ಥಿತಿ ಇನ್ನೂ ಸೋಜಿಗವಾದುದು. ಕಡಕೊಳ, ತಾಂಡವಪುರ, ನಂಜನಗೂಡುಗಳಲ್ಲಿ ಕಾರ್ಖಾನೆಗಳಿವೆ; ಮೂರು ಕಡೆಯೂ ರೈಲು ನಿಲ್ದಾಣಗಳಿವೆ; ಮೈಸೂರಿನೊಳಗೆ ಚಾಮರಾಜಪುರ, ಅಶೋಕಪುರಗಳಲ್ಲಿ ಮನೆಗಳ ನಡುವೆಯೇ ನಿಲ್ದಾಣಗಳಿವೆ. ಆದರೂ ಪಾಳಿ ಬದಲಾಗುವ ಹೊತ್ತಿನಲ್ಲಿ ಜನರು ಹೆದ್ದಾರಿಯ ಅಂಚಿನಲ್ಲಿ ನಿಂತು ಬಸ್ಸಿಗೆ ಕೈಯೊಡ್ಡುತ್ತಾರೆ. ಚಾಮರಾಜನಗರದ ಆ ಮಾರ್ಗವು ಒಂಟಿಹಳಿಯದೆಂಬುದು ನಿಜ. ಒಂಟಿಹಳಿಯ ಮೇಲೆಯೂ ಪಾಳಿಯ ಹೊತ್ತಿಗೆ ಸರಿಯಾಗಿ ಎರಡು ಗಾಡಿಗಳನ್ನು ಓಡಿಸುವುದು ಅಸಾಧ್ಯದ ಕೆಲಸವಲ್ಲ.

ಬಸ್ಸುಗಳ ವಿಷಯದಲ್ಲಿ ಒಂದೇ ಮಾತು. 2023ರ ಜೂನ್ 11ರಿಂದ ರಾಜ್ಯ ಸರ್ಕಾರದವರು ಶಕ್ತಿ ಯೋಜನೆಯ ಮೂಲಕ ಸ್ತ್ರೀಯರಿಗೆ ಉಚಿತ ಪ್ರಯಾಣವನ್ನು ಕೊಟ್ಟಮೇಲೆ ಸಣ್ಣ ಊರುಗಳ ಎಷ್ಟೋ ಹೆಣ್ಣುಮಕ್ಕಳಿಗೆ ಮೈಸೂರಿನ ಕೆಲಸವು ಕೈಗೆ ಎಟುಕುವಂತಾಯಿತು. ಆದರೆ ಬಸ್ಸು ಅವರನ್ನು ನಗರದ ಹೊಟ್ಟೆಯೊಳಕ್ಕೆ ತಂದು ಇಳಿಸುತ್ತದೆ. ಅವರಲ್ಲಿ ಅನೇಕರ ಕೆಲಸವಿರುವುದು ಹೆಬ್ಬಾಳ, ಹೂಟಗಳ್ಳಿಗಳಲ್ಲಿ, ವರ್ತುಲ ರಸ್ತೆಯ ಮಗ್ಗುಲಲ್ಲಿ. ಬೆಂಗಳೂರು ರಸ್ತೆಯ ತುದಿಯಿಂದಲೇ ವರ್ತುಲ ರಸ್ತೆಯ ಮೇಲೆ ಸುತ್ತುವ ಬಸ್ಸುಗಳು ಹೇರಳವಾಗಿದ್ದರೆ ಇಷ್ಟು ಜನರು ಒಳಗೆ ಬಂದು ಮತ್ತೆ ಹೊರಗೆ ಹೋಗುವ ಕಷ್ಟವೂ ತಪ್ಪುತ್ತದೆ, ಊರಿನ ನಡುಬೀದಿಯ ಹೊರೆಯೂ ಇಳಿಯುತ್ತದೆ.

ಇಷ್ಟು ದೂರ ಬರುವ ಬದಲು ಕೆಲಸವಿರುವ ಊರಿನಲ್ಲಿಯೇ ಇವರೇಕೆ ಮನೆ ಮಾಡಬಾರದೆಂದು ಕೇಳುವ ದೊಡ್ಡ ಮನುಷ್ಯರುಂಟು. ಬೆಂಗಳೂರಿನ ಬಾಡಿಗೆಯನ್ನೂ ಮುಂಗಡವನ್ನೂ ಒಮ್ಮೆ ಗುಮಾಸ್ತೆಯ ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ ಅವರ ಪ್ರಶ್ನೆಗೆ ಅಲ್ಲಿಯೇ ಉತ್ತರ ಸಿಕ್ಕುತ್ತದೆ. ಮನೆಯಲ್ಲಿ ಮುದಿತಾಯಿ, ಊರಲ್ಲಿ ಒಂದೆಕರೆ ಗದ್ದೆ, ಮಕ್ಕಳಿಗೆ ಒಗ್ಗಿದ ಶಾಲೆ: ಇವುಗಳನ್ನು ಬಿಟ್ಟು ಬಾ ಎನ್ನುವುದು ಸುಲಭ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನು 1933ರಲ್ಲಿ ಸ್ಥಾಪಿಸಿದವರು ಕೆಲಸವನ್ನು ಜನರ ಬಳಿಗೆ ಕೊಂಡೊಯ್ದರು. ಆ ಕಾರ್ಖಾನೆಯೇ ಇತ್ತೀಚೆಗೆ ಹಲವು ವರ್ಷ ಮುಚ್ಚಿತ್ತು. ಮೈಸೂರು ವಿಶ್ವವಿದ್ಯಾನಿಲಯವು 1916ರಿಂದ ಪದವೀಧರರನ್ನು ಸಿದ್ಧಪಡಿಸುತ್ತಿದೆ. ಅವರಲ್ಲಿ ಎಷ್ಟು ಮಂದಿಗೆ ಮೈಸೂರಿನಲ್ಲಿಯೇ ಅನ್ನ ಹುಟ್ಟುತ್ತದೆಂಬುದನ್ನು ಕೈಗಾರಿಕಾ ಮಂತ್ರಿಗಳು ಹೇಳಬೇಕು. ಆ ದೊಡ್ಡ ಪ್ರಶ್ನೆಯನ್ನು ಮತ್ತೊಮ್ಮೆ ಎತ್ತಿಕೊಳ್ಳುತ್ತೇವೆ.

ಸದ್ಯಕ್ಕೆ ನಮ್ಮ ಬೇಡಿಕೆ ಚಿಕ್ಕದು. ಮಣಿಪಾಲ್ ವೃತ್ತಕ್ಕೆ ಮೇಲ್ಸೇತುವೆಯ ಅಡಿಗಲ್ಲು ಬೀಳುವ ಮುನ್ನ, ಹೆದ್ದಾರಿ ಪ್ರಾಧಿಕಾರದವರೂ ರೈಲ್ವೆಯವರೂ ಸಾರಿಗೆ ನಿಗಮದವರೂ ಜಿಲ್ಲಾಧಿಕಾರಿಗಳ ಸಮಕ್ಷಮದಲ್ಲಿ ಒಟ್ಟಿಗೆ ಕುಳಿತು, ಒಂದು ವಾರದ ಮಟ್ಟಿಗೆ ಈ ದಾರಿಗಳಲ್ಲಿ ಬರುವ ಜನರನ್ನು ಎಣಿಸಲಿ. ವಾಹನಗಳ ಲೆಕ್ಕವು ಅವರ ಬಳಿ ಬೇಕಾದಷ್ಟಿದೆ. ಯಾವ ಊರಿನಿಂದ ಎಷ್ಟು ಜನ, ಎಷ್ಟು ಹೊತ್ತಿಗೆ ಹೊರಟು ಎಲ್ಲಿಗೆ ಹೋಗುತ್ತಾರೆಂಬ ಲೆಕ್ಕವು ಬೇಕು. ಎಣಿಸಲು ಹೋಗುವ ಸಿಬ್ಬಂದಿಯು ಬೆಳಿಗ್ಗೆ ಆರು ಘಂಟೆಗೇ ಸ್ಟೇಷನ್ನಿನಲ್ಲಿಯೂ ರಸ್ತೆಯಲ್ಲಿಯೂ ಹಾಜರಿರಬೇಕು. ಆಫೀಸಿನ ವೇಳೆಗೆ ಬಂದರೆ ಎಣಿಸಬೇಕಾದವರಲ್ಲಿ ಬಹಳ ಮಂದಿ ಆಗಲೇ ದಾಟಿ ಹೋಗಿರುತ್ತಾರೆ.