ಎಂಜಿನ್ನಿನ ಊರು

ಲೊಕ್ಕನಹಳ್ಳಿಯ ಓದುಗರೊಬ್ಬರು ಕಾಗದ ಬರೆದಿದ್ದಾರೆ. ಮಕ್ಕಳನ್ನು ಕರೆದುಕೊಂಡು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದರಂತೆ. ಕೊಳ್ಳೇಗಾಲ, ಹನೂರುಗಳ ಕಡೆಗೆ ಇನ್ನೂ ಹಳಿ ಬಂದಿಲ್ಲವಷ್ಟೆ. ಆ ಮಕ್ಕಳು ರೈಲನ್ನು ಕಾಣಬೇಕಾದರೆ ಚಾಮರಾಜನಗರಕ್ಕೆ ಹೋಗಬೇಕು. ಉಗಿ ಎಂಜಿನ್ನನ್ನಂತೂ ಚಿತ್ರದಲ್ಲಿ ಮಾತ್ರ ಬಲ್ಲರು. 1979ರಲ್ಲಿ ಸ್ಥಾಪಿತವಾದ ಆ ಸಂಗ್ರಹಾಲಯದ ಅಂಗಳದಲ್ಲಿ ಬಣ್ಣ ಬಳಿದುಕೊಂಡು ನಿಂತ ಎಂಜಿನ್ನನ್ನು ನೋಡಿ ಕಿರಿಯವನು, “ಇದರ ಊರು ಯಾವುದು? ಇದು ಇನ್ನು ಹೋಗುವುದೇ ಇಲ್ಲವೆ?” ಎಂದು ಕೇಳಿದನಂತೆ. ಉತ್ತರಿಸುವ ಹೊಣೆಯನ್ನು ತಂದೆಯವರು ನಮಗೆ ವಹಿಸಿದ್ದಾರೆ.

ಊರು ಬಿಟ್ಟ ಎಂಜಿನ್ನೊಂದರ ಕಥೆಯನ್ನೇ ಹೇಳುವುದು ಮೇಲು. 1881ರಲ್ಲಿ ಆರಂಭವಾದ ಡಾರ್ಜಿಲಿಂಗ್ ಬೆಟ್ಟದ ರೈಲಿನ ಎರಡು ಹಳಿಗಳ ನಡುವಣ ಅಂತರ ಎರಡೇ ಅಡಿ. ಆ ದಾರಿಗೆಂದು ಗ್ಲಾಸ್ಗೋದ ಶಾರ್ಪ್ ಸ್ಟುವರ್ಟ್ ಕಂಪನಿಯವರು 1889ರಲ್ಲಿ ಪುಟ್ಟದೊಂದು ಎಂಜಿನ್ನನ್ನು ಮಾಡಿಕೊಟ್ಟರು. ಮೊದಲು ಅದರ ಸಂಖ್ಯೆ 19. ಆಮೇಲೆ 778 ಆಯಿತು. ಗಾತ್ರ ಕಿರಿದಾದರೂ ಅದರ ಪರಿವಾರ ದೊಡ್ಡದು. ಡ್ರೈವರು, ಫೈರ್‌ಮನ್ ಸಾಲದೆಂದು ಕಲ್ಲಿದ್ದಲನ್ನು ಒಡೆದುಕೊಡಲು ಒಬ್ಬ. ಚಕ್ರ ಜಾರಿದಾಗ ಹಳಿಯ ಮೇಲೆ ಕೈಯಿಂದ ಮರಳು ಉದುರಿಸಲು ಮುಂಭಾಗದಲ್ಲಿ ಕುಳಿತ ಇಬ್ಬರು. ಮಳೆಯಲ್ಲಿ, ಮಂಜಿನಲ್ಲಿ ಆ ಇಬ್ಬರ ಪಾಡನ್ನು ನೀವೇ ಊಹಿಸಿಕೊಳ್ಳಿ.

1962ರಲ್ಲಿ ಈ ಎಂಜಿನ್ನು ಅಮೆರಿಕದ ಶ್ರೀಮಂತ ಅಭಿಮಾನಿಯೊಬ್ಬರಿಗೆ ಮಾರಾಟವಾಗಿ ಸಮುದ್ರ ದಾಟಿತು. ಕಾಲಾಂತರದಲ್ಲಿ ಇಂಡಿಯಾನಾ ಪ್ರಾಂತದ ಹೆಸ್ಟನ್ ಎಂಬಲ್ಲಿನ ಸಂಗ್ರಹಾಲಯವನ್ನು ಸೇರಿತು. 1985ರಲ್ಲಿ ಅಲ್ಲಿನ ಶೆಡ್ಡಿಗೆ ಬೆಂಕಿ ಬಿದ್ದಿತು. ಬೆಂಕಿಯಿಂದಲೇ ಬದುಕಿದ ಎಂಜಿನ್ನು ಬೆಂಕಿಯಿಂದಲೇ ಬೆಂದಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಏಡ್ರಿಯನ್ ಶೂಟರ್ ಎಂಬ ಇಂಗ್ಲಿಷ್ ರೈಲ್ವೆ ಅಧಿಕಾರಿ ಅದನ್ನು ಕೊಂಡು, ಬರ್ಮಿಂಗ್‌ಹ್ಯಾಮಿನ ಟೈಸ್ಲಿ ಕಾರ್ಯಾಗಾರದಲ್ಲಿ ದುರಸ್ತಿ ಮಾಡಿಸಿ, ಆಕ್ಸ್‌ಫರ್ಡ್‌ಶೈರಿನ ತಮ್ಮ ಮನೆಯ ಅಂಗಳದಲ್ಲಿಯೇ ಹಳಿ ಹಾಸಿ ಓಡಿಸಿದರು. ಡಾರ್ಜಿಲಿಂಗ್ ಮಾದರಿಯ ಎರಡು ಗಾಡಿಗಳನ್ನೂ ಮಾಡಿಸಿದರು. ಅವರು 2022ರಲ್ಲಿ ತೀರಿಕೊಂಡರು.

ಅದನ್ನು ತವರಿಗೆ ಮರಳಿಸಬೇಡವೆ ಎಂದು ಕೇಳುವವರುಂಟು. ಬೇಡವೆಂದೇ ನನ್ನ ಮತ. ಡಾರ್ಜಿಲಿಂಗಿನಲ್ಲಿ ಅದರ ಸೋದರಿಯರು ಇಂದಿಗೂ ಹೊಗೆಯುಗುಳುತ್ತ ದುಡಿಯುತ್ತಿದ್ದಾರೆ. ಎಲ್ಲಿದ್ದರೇನು, ಒಲೆ ಉರಿಯುತ್ತಿರಬೇಕು. ದೂರ ಬಂದು ನೆಲಸುವುದೆಂದರೇನೆಂದು ಲೊಕ್ಕನಹಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ. ನೆರೆಯ ಒಡೆಯರಪಾಳ್ಯದಲ್ಲಿ ಟಿಬೆಟನ್ನರು ತಮ್ಮ ನುಡಿಯನ್ನೂ ಪೂಜೆಯನ್ನೂ ಉಳಿಸಿಕೊಂಡು ಬಾಳುತ್ತಿರುವುದನ್ನು ಅವರು ದಿನವೂ ಕಾಣುತ್ತಾರೆ.

ಒಲೆ ಉರಿಸುವುದು ಸುಲಭವೆಂದಲ್ಲ. ತಣ್ಣಗಿರುವ ಬಾಯ್ಲರನ್ನು ಅವಸರದಿಂದ ಕಾಯಿಸಿದರೆ ಕೊಳವೆಗಳ ಕೀಲು ಸಡಿಲಿ ಸೋರತೊಡಗುತ್ತವೆ. ಗಂಟೆಗಟ್ಟಲೆ ಮೆಲ್ಲಗೆ ಬಿಸಿಯೇರಿಸಬೇಕು. ನೀರಿನ ಗಸಿ ಒಳಗೆ ಗಟ್ಟಿಗಟ್ಟದಂತೆ ತೊಳೆಯಬೇಕು. ಕೆಲವು ವರ್ಷಗಳಿಗೊಮ್ಮೆ ಕೊಳವೆಗಳನ್ನೆಲ್ಲ ಕಿತ್ತು ಹೊಸತು ಹಾಕಬೇಕು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಒಬ್ಬ ಹಿರಿಯ ಫಿಟ್ಟರಿನ ಬಳಿ ನಿಂತು ಕಲಿಯಬೇಕು. ಓಡದೆ ನಿಂತ ಎಂಜಿನ್ನಿಗೆ ವರ್ಷಕ್ಕೊಮ್ಮೆ ಬಣ್ಣ ಬಳಿದರೆ ಹೊರಗೆ ಮಿರುಗೀತು; ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ನಮ್ಮ ನಾಡಿನಲ್ಲಿಯೂ ಚಿಕ್ಕ ಹಳಿಯ ರೈಲು ಇತ್ತು. ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿಯ ಹಳಿ ಬಂದಿತು. ಬಳಿಕ ಆ ದಾರಿ ಚಿಕ್ಕಬಳ್ಳಾಪುರ, ಯಲಹಂಕಗಳನ್ನೂ ಕೂಡಿಕೊಂಡಿತು. 2013ರಲ್ಲಿ ಕೋಲಾರ–ಚಿಕ್ಕಬಳ್ಳಾಪುರ ಭಾಗವೂ ಬ್ರಾಡ್‌ಗೇಜ್ ಆಗಿ, ಆ ಚಿಕ್ಕ ಹಳಿಯ ಕಥೆ ಮುಗಿಯಿತು. ನಂದಿಬೆಟ್ಟದ ಬುಡದ ಹಳೆಯ ನಿಲ್ದಾಣವನ್ನು ಅಂದವಾಗಿ ಜೀರ್ಣೋದ್ಧಾರ ಮಾಡಿದ್ದಾರೆ. ಅಲ್ಲಿ ಎರಡು ಫರ್ಲಾಂಗಿನಷ್ಟಾದರೂ ಚಿಕ್ಕ ಹಳಿ ಹಾಸಿ, ಭಾನುವಾರಗಳಲ್ಲಿ ಒಂದು ಉಗಿ ಎಂಜಿನ್ನನ್ನು ಓಡಿಸಿದರೆ ಬೆಂಗಳೂರಿನ ಸಂಸಾರಗಳು ಬುತ್ತಿ ಕಟ್ಟಿಕೊಂಡು ಹೋಗಲಾರವೆ? ಹಿರಿಯ ಫಿಟ್ಟರುಗಳು ನಮ್ಮ ನಡುವೆ ಇರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು.