ಸಾಲಿ ಸರಕಾರದ್ದು, ಕೇಳುವ ಹಕ್ಕು ಪಾಲಕರದು

ಶಿಗ್ಲಿ: ಮಗ್ಗದ ಮುಂದೆ ಕೂತವನಿಗೆ ಒಂದು ದಿನ ಕೆಲಸ ನಿಂತರೆ ಒಂದು ದಿನದ ಕೂಲಿ ಹೋಯಿತು. ಅಂಥವನು ಕೆಲಸ ಬಿಟ್ಟು ಸಾಲಿ ಬಾಗಿಲಿಗೆ ಹೋಗಿ "ಮಾಸ್ತರು ಎಲ್ಲ್ಯದಾರ್ರೀ?" ಎಂದು ಕೇಳುತ್ತಾನೆಂದರೆ ಅದು ಹುಡುಗಾಟದ ಮಾತಲ್ಲ.

ಪಾಲಕರ ಸಿಟ್ಟಿಗೆ ನಮ್ಮ ಕಡೆ ಒಂದು ಹಳೇ ದಾರಿ ಉಂಟು: ಸಾಲಿಗೆ ಬೀಗ ಜಡಿಯುವುದು. ಸಾಹೇಬರು ಬರುತ್ತಾರೆ, ಭರವಸೆ ಕೊಡುತ್ತಾರೆ, ಪಕ್ಕದೂರಿನ ಮಾಸ್ತರರೊಬ್ಬರನ್ನು 'ನಿಯೋಜನೆ' ಮೇಲೆ ಕಳಿಸುತ್ತಾರೆ. ಆ ಗಡಿಗೆಯ ನೀರು ಈ ಗಡಿಗೆಗೆ ಸುರುವಿದಂತಾಯಿತೇ ಹೊರತು ನೀರೇನು ಹೆಚ್ಚಾಗಲಿಲ್ಲ. ನಾಳೆ ಪಕ್ಕದೂರಿನವರು ಬೀಗ ಹುಡುಕುತ್ತಾರೆ.

ಕಾಯ್ದೆ ಏನು ಹೇಳುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಸಾಲಿಯಲ್ಲಿ ಮಂಜೂರಾದ ಮಾಸ್ತರರ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಕೂಡದು. ಐದನೇತ್ತೆವರೆಗೆ 30 ಮಕ್ಕಳಿಗೆ ಒಬ್ಬ ಮಾಸ್ತರು ಬೇಕು. ಸಾಲಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು. ನಮ್ಮ ರಾಜ್ಯದಲ್ಲಂತೂ ಎಸ್.ಡಿ.ಎಂ.ಸಿ. 2001ರಿಂದಲೇ ಇದೆ. ಆದರೆ ಎಷ್ಟು ಊರುಗಳಲ್ಲಿ ಅದು ಆಗಸ್ಟ್ 15ರ ಪೇಡೆ ಹಂಚಲಿಕ್ಕಷ್ಟೇ ಉಳಿದಿಲ್ಲ?

ಇನ್ನೊಂದು ಲೆಕ್ಕ ನೋಡಿ. ಸರಕಾರಿ ಸಾಲಿ ಹತ್ತಿರ ಇದ್ದಲ್ಲಿ ಖಾಸಗಿ ಸಾಲಿಯ ಪುಕ್ಕಟೆ ಸೀಟು ಇಲ್ಲ ಎಂದು ರಾಜ್ಯ ಸರಕಾರ ನಿಯಮ ತಿದ್ದಿತು. ಪಾಲಕರು, ಸಂಘಟನೆಗಳು ಹೈಕೋರ್ಟಿಗೆ ಹೋದರು. 2019ರ ಮೇ 31ರಂದು ಕೋರ್ಟು ಸರಕಾರದ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಸರಿ, ಒಪ್ಪೋಣ. "ನಮ್ಮ ಸಾಲಿ ಐತಿ, ಅಲ್ಲಿಗೇ ಕಳಸ್ರಿ" ಎಂದ ಮೇಲೆ ಆ ಸಾಲಿಯಲ್ಲಿ ಮಾಸ್ತರು, ನೀರು, ಪಾಯಖಾನೆ ಇರಬೇಡವೇ?

"ಅರ್ಜಿ ಕೊಟ್ರ ಯಾರ್ ನೋಡ್ತಾರ್ರೀ?" ಎಂಬುದು ಬಸ್‌ಸ್ಟ್ಯಾಂಡಿನ ಮಾತು. 2022ರ ಅಕ್ಟೋಬರ್ ನೆನಪಿರಲಿ. ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಇಲಾಖೆ ಸುತ್ತೋಲೆ ಹೊರಡಿಸಿತು. ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ಸುತ್ತೋಲೆ ವಾಪಸ್! ಕೇಳಿದರೆ ಆಗುತ್ತದೆ. ಸ್ಥಳೀಯ ಪ್ರಾಧಿಕಾರಕ್ಕೆ ದೂರು ಬರೆದು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗಕ್ಕೆ ಮೇಲ್ಮನವಿ. ಇದೂ ಅದೇ ಕಾಯ್ದೆಯಲ್ಲಿದೆ. ಬಾಯಿಮಾತಿನ ದೂರಿಗೆ ದಿನಾಂಕವಿಲ್ಲ, ಪೋಚಿಲ್ಲ.

ರೊಕ್ಕ ಇದ್ದವರ ಮಕ್ಕಳು ಹಳದಿ ವ್ಯಾನು ಹತ್ತಿ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾರೆ. ಹಾಜರಿ ಇಳಿಯುತ್ತದೆ. ಮಕ್ಕಳು ಕಡಿಮೆಯಾದರೆ ಮಾಸ್ತರರು 'ಹೆಚ್ಚುವರಿ' ಎನಿಸಿ ಬೇರೆ ಊರಿಗೆ ಹೋಗುತ್ತಾರೆ. ಮಾಸ್ತರು ಇಲ್ಲವೆಂದು ಮತ್ತಷ್ಟು ಮಕ್ಕಳು ಬಿಡುತ್ತಾರೆ. ಕೊನೆಗೆ ಉಳಿಯುವುದು ಕೂಲಿಕಾರರ ಮಕ್ಕಳು.

ಆದ್ದರಿಂದ ಬೀಗ ಕೊಳ್ಳುವ ಮೊದಲು ಸಮಿತಿಯ ಸಭೆ ಕರೆಯಲಿ. ಖಾಲಿ ಹುದ್ದೆ ಎಷ್ಟೆಂದು ಠರಾವು ಬರೆಯಲಿ, ತಾಯಂದಿರೂ ಸಹಿ ಮಾಡಲಿ, ನಕಲಿನ ಮೇಲೆ ಪೋಚು ತಗೊಳ್ಳಲಿ. ಬೀಗ ಹಾಕಿದ ದಿನ ಪಾಠ ಕಳಕೊಳ್ಳುವವರು ಸಾಹೇಬರ ಮಕ್ಕಳಲ್ಲ, ನಮ್ಮವೇ.